ಮಾಡಿಫೈಡ್ ಆರ್‌ಎನ್‌ಎ, ಬೆಳಕಿಗೆ ತಿರುಗುವ ಇನ್ಹಿಬಿಟರ್: ಎರಡೂ ಒಂದೇ ಲ್ಯಾಬಿನಲ್ಲಿ ಯಾಕೆ?

ಗೊರೂರು_ಹಿನ್ನೀರು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ, ಕೊನೆಯ ಸೆಮಿಸ್ಟರ್. ಬೆಂಗಳೂರಿನ ಒಂದು ಲ್ಯಾಬಿನಿಂದ ಪ್ರಾಜೆಕ್ಟ್‌ಗೆ ಕರೆ ಬಂದಿದೆ. ಖುಷಿಯೇನೋ ಆಯಿತು. ಆಮೇಲೆ ಅಲ್ಲಿನ ಪ್ರೊಫೆಸರ್ ಬರೆದ ಪೇಪರ್‌ಗಳನ್ನು ತೆಗೆದು ಕೂತೆ, ತಲೆ ಕೆಟ್ಟಿತು. ಅರ್ಧ ಪೇಪರ್‌ಗಳು ಮಾಡಿಫೈಡ್ ಆರ್‌ಎನ್‌ಎ, ಅಂದರೆ ಕೆಲವು ಅಕ್ಷರ ತಿದ್ದಿದ ಆರ್‌ಎನ್‌ಎ ಬಗ್ಗೆ. ಇನ್ನರ್ಧ, ಬೆಳಕು ಬಿಟ್ಟು ಆನ್-ಆಫ್ ಮಾಡುವ ಎಂಜೈಮ್ ಇನ್ಹಿಬಿಟರ್‌ಗಳ (ಎಂಜೈಮ್ ಕೆಲಸ ನಿಲ್ಲಿಸುವ ಅಣುಗಳ) ಬಗ್ಗೆ.

ಮೊದಲನೆಯದು ನಮ್ಮ ಸಿಲಬಸ್‌ನಲ್ಲಿ ಒಂದು ಪ್ಯಾರಾ. ಅಮೈನೋ ಆಮ್ಲ ಹೊರುವ ಟಿಆರ್‌ಎನ್‌ಎಯ ಚಿತ್ರದಲ್ಲಿ ಸ್ಯೂಡೋಯುರಿಡಿನ್ ಎಂಬ ತಿದ್ದಿದ ಅಕ್ಷರಕ್ಕೆ ಗ್ರೀಕ್ ಅಕ್ಷರ ಹಾಕಿ ಅಂಕ ತೆಗೆದುಕೊಂಡದ್ದು ಬಿಟ್ಟರೆ ನನಗೆ ಏನೂ ಗೊತ್ತಿಲ್ಲ. ಎರಡನೆಯದಂತೂ ಸಿಲಬಸ್‌ನಲ್ಲೇ ಇಲ್ಲ. ಈ ಎರಡಕ್ಕೂ ಏನು ಸಂಬಂಧ? ಒಬ್ಬರೇ ಯಾಕೆ ಎರಡನ್ನೂ ಹಿಡಿದುಕೊಂಡಿದ್ದಾರೆ? ಇನ್ನೊಂದು ಅನುಮಾನ. ಯುವಿ ಬೆಳಕು ಬಿಟ್ಟರೆ ಆರ್‌ಎನ್‌ಎ ಹಾಳಾಗುವುದಿಲ್ಲವೇ? ನಮಗೆ ಪ್ರಾಕ್ಟಿಕಲ್‌ನಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.

ನಮ್ಮಪ್ಪ ಆಲೂಗಡ್ಡೆ, ಶುಂಠಿ ಬೆಳೆಯುವವರು. ವಿಷಯ ಹೇಳಿದ್ದಕ್ಕೆ "ಟಾರ್ಚ್ ಬಿಟ್ಟು ಔಷಧಿ ಕೊಡೋದಾ?" ಎಂದು ನಕ್ಕರು. ಅವರಿಗೆ ಅರ್ಥವಾಗುವ ಹಾಗೆ ಹೇಳಲು ನನಗೇ ಮೊದಲು ಅರ್ಥವಾಗಬೇಕಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಅರಸೀಕೆರೆ_ಜಂಕ್ಷನ್:

ಯೋಚನೆ ಮಾಡಬೇಡಮ್ಮ, ಸೇರಿಕೋ. ಆರ್‌ಎನ್‌ಎ ಈಗ ಓಡುವ ಕುದುರೆ. 2023ರ ನೊಬೆಲ್ ಅದಕ್ಕೇ ಬಂತು, ಕೋವಿಡ್ ಲಸಿಕೆ ಅದರಿಂದಲೇ ಬಂತು. ನಾವೆಲ್ಲ ಹಾಕಿಸಿಕೊಂಡಿದ್ದೂ ಅದೇ ತಾನೇ?

ಬೆಳಕಿನ ಕಥೆ ಮಾತ್ರ ನನಗೆ ಸುಮ್ನೆ ಫ್ಯಾಶನ್ ಅನ್ನಿಸುತ್ತದೆ. ನಾನು ಫಾರ್ಮಾ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವನು. ನಮ್ಮಲ್ಲಿ ಮಾತ್ರೆಗೆ ಬೆಳಕು ಬೀಳದಿರಲಿ ಎಂದು ಕಂದು ಬಾಟಲಿಗೆ ಹಾಕುತ್ತಿದ್ದೆವು. ಇವರು ಬೇಕೆಂದೇ ಬೆಳಕು ಬಿಡುತ್ತಾರಂತೆ. ಹೊಟ್ಟೆಯೊಳಗಿನ ಮಾತ್ರೆಗೆ ಬೆಳಕು ಬಿಡುವವರು ಯಾರು?

ಆಲ್ದೂರು_ತೋಟದಮನೆ:

ನಾನು ಚಿಕ್ಕಮಗಳೂರು ಕಡೆ ಆಲ್ದೂರಿನವಳು. ಪಿಎಚ್‌ಡಿಯೂ ಅದರ ನಂತರದ ವರ್ಷಗಳೂ ಆರ್‌ಎನ್‌ಎ ಮೇಲೆಯೇ ಕಳೆದವು. ಕೊನೆಗೆ ಬೆಳಕಿನ ಇನ್ಹಿಬಿಟರ್ ಮಾಡುವ ಕೆಮಿಸ್ಟ್‌ಗಳ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡಿದೆ. ಈಗ ಊರಲ್ಲಿ ಕಾಫಿ ನೋಡಿಕೊಂಡು, ಆನ್‌ಲೈನ್‌ನಲ್ಲಿ ಪಾಠ ಹೇಳಿಕೊಂಡು ಇದ್ದೇನೆ. ಈ ವಿಷಯ ಕೇಳುವವರು ಸಿಗುವುದೇ ಅಪರೂಪ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಅರಸೀಕೆರೆಯವರಿಗೆ. ನಮ್ಮ ಕಡೆ ಹೆಚ್ಚಿನವರು ಹಾಕಿಸಿಕೊಂಡದ್ದು ಕೋವಿಶೀಲ್ಡ್, ಇಲ್ಲವೇ ಕೋವ್ಯಾಕ್ಸಿನ್. ಎರಡೂ ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆ ಹೊರುವ ಆರ್‌ಎನ್‌ಎ) ಲಸಿಕೆ ಅಲ್ಲ ಸಾರ್. ಮೊದಲನೆಯದರಲ್ಲಿ ಇರುವುದು ರೋಗ ತರದ ಒಂದು ಅಡಿನೋವೈರಸ್, ಎರಡನೆಯದರಲ್ಲಿ ಕೊಂದ ಕೊರೊನಾ ವೈರಸ್. ನೀವು ಹೇಳುವುದು ಫೈಜರ್, ಮಾಡರ್ನಾ ಲಸಿಕೆಗಳ ಕಥೆ.

ಆ ಕಥೆಯ ಬೇರು ಹಳೆಯದು. ಆರ್‌ಎನ್‌ಎಗೆ ನಾಲ್ಕೇ ಅಕ್ಷರ (ಎ, ಯು, ಜಿ, ಸಿ) ಎಂದು ನಾವು ಓದುತ್ತೇವೆ. ಆದರೆ ಆರ್‌ಎನ್‌ಎ ತಯಾರಾದ ಮೇಲೆ ಎಂಜೈಮ್‌ಗಳು ಬಂದು ಅಲ್ಲಲ್ಲಿ ಅಕ್ಷರ ತಿದ್ದುತ್ತವೆ. ಇಂಥ ತಿದ್ದುಪಡಿಗಳು ಈಗ 150ಕ್ಕೂ ಹೆಚ್ಚು ಗೊತ್ತಾಗಿವೆ. ಮೊದಲು ಸಿಕ್ಕಿದ್ದು ಸ್ಯೂಡೋಯುರಿಡಿನ್, 1950ರ ದಶಕದ ಶುರುವಿನಲ್ಲಿ. ಅದರಲ್ಲಿರುವುದು ಯುರಿಡಿನ್, ಅಂದರೆ ಯು ಅಕ್ಷರದಲ್ಲಿರುವ ಪರಮಾಣುಗಳೇ, ಲೆಕ್ಕವೂ ಅಷ್ಟೇ. ಸಕ್ಕರೆಗೆ ಬೇಸ್ ಅಂಟಿಕೊಳ್ಳುವ ಜಾಗ ಮಾತ್ರ ಬೇರೆ. ನೈಟ್ರೋಜನ್ ಬದಲು ಕಾರ್ಬನ್ ಮೂಲಕ ಅಂಟಿಕೊಂಡಿರುತ್ತದೆ. ತೂಕ ಒಂದೇ ಇರುವುದರಿಂದ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಬರೀ ತೂಕ ನೋಡಿ ಅದನ್ನು ಹಿಡಿಯಲು ಆಗುವುದಿಲ್ಲ. ಅದಕ್ಕೆ ಮಾತ್ರ ಅಂಟುವ ಒಂದು ರಾಸಾಯನಿಕವನ್ನು ಮೊದಲು ಕೂಡಿಸಿ, ಆಮೇಲೆ ಹುಡುಕಬೇಕು. ಇಂಥ ತಲೆನೋವಿಗಾಗಿಯೇ ನಾನು ಈ ವಿಷಯಕ್ಕೆ ಮರುಳಾದದ್ದು.

ಆಗಿನವರ ಕೆಲಸ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ರಾಬರ್ಟ್ ಹೋಲಿ 1965ರಲ್ಲಿ ಮೊದಲ ಬಾರಿಗೆ ಒಂದು ಟಿಆರ್‌ಎನ್‌ಎಯ ಅಕ್ಷರಗಳನ್ನು ಪೂರ್ತಿ ಓದಿದರು. 140 ಕಿಲೋ ಬ್ರೆಡ್ ಈಸ್ಟ್‌ನಿಂದ ಅವರಿಗೆ ದಕ್ಕಿದ್ದು ಒಂದು ಗ್ರಾಂ ಟಿಆರ್‌ಎನ್‌ಎ. ಆ ಒಂದು ಗ್ರಾಮಿನಲ್ಲೇ ಈ ತಿದ್ದಿದ ಅಕ್ಷರಗಳೂ ಇದ್ದವು. 1968ರಲ್ಲಿ ಹರಗೋಬಿಂದ್ ಖುರಾನಾ ಅವರ ಜೊತೆ ನೊಬೆಲ್ ಹಂಚಿಕೊಂಡವರಲ್ಲಿ ಇವರೂ ಒಬ್ಬರು. 2023ರ ನೊಬೆಲ್ ಪಡೆದ ಕಾರಿಕೋ ಮತ್ತು ವೈಸ್‌ಮನ್ 2005ರಲ್ಲಿ ತೋರಿಸಿದ್ದು ಇದರ ಇನ್ನೊಂದು ಮುಖ. ಹೊರಗೆ ತಯಾರಿಸಿದ ಆರ್‌ಎನ್‌ಎಯನ್ನು ಜೀವಕೋಶಕ್ಕೆ ಹಾಕಿದರೆ ಕೋಶದ ಕಾವಲು ವ್ಯವಸ್ಥೆ ಗಲಾಟೆ ಎಬ್ಬಿಸುತ್ತದೆ. ಯುರಿಡಿನ್ ಜಾಗದಲ್ಲಿ ಸ್ಯೂಡೋಯುರಿಡಿನ್ ಹಾಕಿದರೆ ಆ ಗಲಾಟೆ ಬಹಳ ಕಡಿಮೆಯಾಗುತ್ತದೆ. ಲಸಿಕೆಯಲ್ಲಿ ಬಳಸಿದ್ದು ಅದರ ಮೇಲೆ ಒಂದು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್) ಇರುವ ರೂಪ.

ಈಗ ಮೀಥೈಲ್ ವಿಷಯ. ಇಲ್ಲಿ ನಮ್ಮ ಕಾಫಿ ಗಿಡವನ್ನು ಎಳೆದು ತರಲೇಬೇಕು. ಕಾಫಿ ಗಿಡ ಕೆಫೀನ್ ಮಾಡುವುದು ಹೇಗೆ ಗೊತ್ತಾ? ಶುರು ಮಾಡುವುದು ಕ್ಸಾಂಥೋಸಿನ್‌ನಿಂದ. ಅದು ಆರ್‌ಎನ್‌ಎಯ ಎ ಮತ್ತು ಜಿ ಅಕ್ಷರಗಳ ದಾಯಾದಿ. ಅದಕ್ಕೆ ಎಂಜೈಮ್‌ಗಳು ಒಂದರ ಹಿಂದೆ ಒಂದರಂತೆ ಮೂರು ಮೀಥೈಲ್ ಕೂಡಿಸುತ್ತವೆ, ನಡುವೆ ಸಕ್ಕರೆ ಭಾಗ ಕಳಚಿಕೊಳ್ಳುತ್ತದೆ. ಮೂರು ಮೀಥೈಲ್ ಕೊಡುವುದೂ ಎಸ್-ಅಡಿನೋಸಿಲ್ ಮಿಥಿಯೋನಿನ್ ಎಂಬ ಒಂದೇ ಅಣು. ಲ್ಯಾಬಿನಲ್ಲಿ ಎಲ್ಲರೂ ಅದನ್ನು ಸ್ಯಾಮ್ ಎನ್ನುತ್ತಾರೆ. ನಿಮ್ಮ ದೇಹದ ಕೋಶದಲ್ಲಿ ಎಂಆರ್‌ಎನ್‌ಎಯ ಎ ಅಕ್ಷರದ ಮೇಲೆ ಮೀಥೈಲ್ ಇಡುವ ಎಂಜೈಮೂ ಇದೇ ಸ್ಯಾಮ್‌ನಿಂದ ತೆಗೆದುಕೊಳ್ಳುತ್ತದೆ. ಆ ಗುರುತಿನ ಹೆಸರು ಎಂ6ಎ. 1974ರಿಂದಲೇ ಗೊತ್ತಿತ್ತು, ಆದರೆ ಬಹಳ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2011ರಲ್ಲಿ ಎಫ್‌ಟಿಒ ಎಂಬ ಎಂಜೈಮ್ ಈ ಗುರುತನ್ನು ಅಳಿಸುತ್ತದೆ ಎಂದು ಗೊತ್ತಾಯಿತು. ಆಮೇಲೆ ನೋಡಿ, ಎಲ್ಲರೂ ಮುಗಿಬಿದ್ದರು. ಬರೆಯುವವರೂ ಇದ್ದಾರೆ, ಅಳಿಸುವವರೂ ಇದ್ದಾರೆ ಎಂದ ಮೇಲೆ ಅದು ಬರೀ ಅಲಂಕಾರ ಇರಲಾರದು.

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. ಈ ಗುರುತು ಏನು ಮಾಡುತ್ತದೆ ಎಂದು ತಿಳಿಯಲು ಬರೆಯುವ ಎಂಜೈಮ್ ಅನ್ನು ನಿಲ್ಲಿಸಿ ನೋಡಬೇಕು. ಆ ಎಂಜೈಮ್ ಹೆಸರು ಮೆಟ್ಲ್-3. ಅದರ ಜೀನ್ ತೆಗೆದುಹಾಕಿದರೆ ಇಲಿಯ ಭ್ರೂಣ ಶುರುವಿನಲ್ಲೇ ಸಾಯುತ್ತದೆ. ಸತ್ತ ಮೇಲೆ ಏನು ಕೇಳುತ್ತೀರಿ? ಮಾಮೂಲಿ ಇನ್ಹಿಬಿಟರ್ ಹಾಕಬಹುದು, ಲ್ಯುಕೇಮಿಯಾ ಮೇಲೆ ಪರಿಣಾಮ ತೋರಿಸಿದ ಒಳ್ಳೆಯದೊಂದು 2021ರಲ್ಲಿ ಬಂದಿದೆ. ಆದರೆ ಹಾಕಿದ ಇನ್ಹಿಬಿಟರ್ ಎಲ್ಲ ಕೋಶಕ್ಕೂ ಹೋಗುತ್ತದೆ. ವಾಪಸ್ ತೆಗೆಯಬೇಕೆಂದರೆ ಕೋಶಗಳನ್ನು ತೊಳೆಯಬೇಕು, ತೊಳೆದರೂ ಎಷ್ಟು ಹೋಯಿತು ಎಂಬ ಗ್ಯಾರಂಟಿ ಇಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ "ಯಾವಾಗ" ಎಂಬುದು. ಕೋಶ ಒಂದು ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುವ ಆ ಒಂದು ಗಂಟೆಯಲ್ಲಿ ಮಾತ್ರ ಎಂಜೈಮ್ ನಿಂತರೆ ಏನಾಗುತ್ತದೆ? ಅಷ್ಟು ಬೇಗ ಹಾಕಿ ತೆಗೆಯಲು ಬೆಳಕಿಗಿಂತ ಒಳ್ಳೆಯ ಕೈ ಇಲ್ಲ. ನಿಮ್ಮ ಪ್ರೊಫೆಸರ್ ಎರಡು ವಿಷಯ ಹಿಡಿದುಕೊಂಡಿಲ್ಲ. ಆರ್‌ಎನ್‌ಎ ಅವರ ಪ್ರಶ್ನೆ, ಬೆಳಕು ಅವರ ಉಪಕರಣ.

ಬೆಳಕಿಗೆ ತಿರುಗುವ ಅಣುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಅಜೋಬೆಂಜೀನ್. ಎರಡು ಬೆಂಜೀನ್ ಉಂಗುರ, ನಡುವೆ ಎರಡು ನೈಟ್ರೋಜನ್. ಕತ್ತಲಲ್ಲಿ ಚಪ್ಪಟೆಯಾಗಿ, ನೇರವಾಗಿ ಇರುತ್ತದೆ. ಇದು ಟ್ರಾನ್ಸ್. 365 ನ್ಯಾನೋಮೀಟರ್ ಸುತ್ತಿನ ಯುವಿ ಬಿದ್ದರೆ ಮೊಣಕೈ ಮಡಚಿದ ಹಾಗೆ ಬಾಗುತ್ತದೆ. ಇದು ಸಿಸ್. ಒಂದು ತುದಿಯಿಂದ ಇನ್ನೊಂದು ತುದಿಗೆ ಇದ್ದ ಸುಮಾರು 9 ಆಂಗ್‌ಸ್ಟ್ರಾಂ ದೂರ ಐದೂವರೆಗೆ ಇಳಿಯುತ್ತದೆ. ಎಂಜೈಮ್‌ನ ಗುಳಿಯೊಳಗೆ ಕೂರುವ ಅಣುವಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ನೀಲಿ ಬೆಳಕು ಬಿಟ್ಟರೆ ಮತ್ತೆ ನೇರವಾಗುತ್ತದೆ. ಸುಮ್ಮನೆ ಕತ್ತಲಲ್ಲಿ ಬಿಟ್ಟರೂ ನಿಧಾನಕ್ಕೆ ನೇರವಾಗುತ್ತದೆ. ಈ ಬಾಗಿದ ರೂಪವನ್ನು ಹಾರ್ಟ್ಲಿ ಎಂಬವರು ವರದಿ ಮಾಡಿದ್ದು 1937ರಲ್ಲಿ. ಇದನ್ನು ಎಂಜೈಮ್ ಮೇಲೆ ಪ್ರಯೋಗಿಸಿದ್ದು 1968ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಎರ್ಲಾಂಗರ್ ಗುಂಪು, ಕೈಮೋಟ್ರಿಪ್ಸಿನ್ ಮೇಲೆ. ಹಾಗಾಗಿ ಫ್ಯಾಶನ್ ಎಂದರೆ ಒಪ್ಪುವುದಿಲ್ಲ. ಐವತ್ತು ವರ್ಷ ದಾಟಿದ ಫ್ಯಾಶನ್ ಯಾವುದಿದೆ?

ಯುವಿ ಮತ್ತು ಆರ್‌ಎನ್‌ಎ ಬಗ್ಗೆ ನಿಮ್ಮ ಅನುಮಾನ ಒಳ್ಳೆಯದು. ಆರ್‌ಎನ್‌ಎ ಜೋರಾಗಿ ಹೀರುವುದು 260ರ ಹತ್ತಿರ. 365ರಲ್ಲಿ ಮಾಮೂಲಿ ನಾಲ್ಕು ಅಕ್ಷರಗಳು ಹೆಚ್ಚುಕಡಿಮೆ ಏನೂ ಹೀರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ನೀವು ಹೋಗುತ್ತಿರುವುದು ಮಾಡಿಫೈಡ್ ಆರ್‌ಎನ್‌ಎ ಲ್ಯಾಬಿಗೆ, ಅಲ್ವಾ? ಇ. ಕೋಲಿ ಬ್ಯಾಕ್ಟೀರಿಯಾದ ಬಹಳಷ್ಟು ಟಿಆರ್‌ಎನ್‌ಎಗಳಲ್ಲಿ 8ನೇ ಅಕ್ಷರ ಥಯೋಯುರಿಡಿನ್. ಒಂದು ಆಕ್ಸಿಜನ್ ಜಾಗದಲ್ಲಿ ಗಂಧಕ ಇರುತ್ತದೆ. ಅದು 330-340ರ ಸುತ್ತಿನ ಬೆಳಕು ಹೀರಿ, 13ನೇ ಅಕ್ಷರಕ್ಕೆ ಅಂಟಿಕೊಂಡುಬಿಡುತ್ತದೆ. ಅಂಟಿಕೊಂಡ ಟಿಆರ್‌ಎನ್‌ಎ ಸರಿಯಾಗಿ ಅಮೈನೋ ಆಮ್ಲ ಹೊರುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಅಂದರೆ ಬೆಳಕಿಗೆ ತಿರುಗುವ ಆರ್‌ಎನ್‌ಎಯನ್ನು ಪ್ರಕೃತಿಯೇ ಮೊದಲು ಮಾಡಿಟ್ಟಿದೆ. ಇದು ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಸಂಗತಿ. ನಿಮ್ಮ ಇಂಟರ್‌ವ್ಯೂನಲ್ಲಿ ಇದನ್ನು ಹೇಳಿ, ಪ್ರೊಫೆಸರ್ ಮುಖ ನೋಡಿ.

ಹಗಲು_ಪಾಳಿ:

ಹೊಟ್ಟೆಯೊಳಗೆ ಬೆಳಕು ಬಿಡುವವರು ಯಾರು ಎಂದು ಕೇಳಿದ್ದಾರಲ್ಲ, ನಾವು ಮೈ ಮೇಲೆ ದಿನಾ ಬಿಡುತ್ತೇವೆ. ನಾನು ಹಾಸನದಲ್ಲಿ ನವಜಾತ ಶಿಶು ವಾರ್ಡಿನ ನರ್ಸ್. ಹುಟ್ಟಿದ ಮಗುವಿಗೆ ಕಾಮಾಲೆ ಏರಿದರೆ ನೀಲಿ ದೀಪದ ಕೆಳಗೆ ಮಲಗಿಸುತ್ತೇವೆ. ಕಣ್ಣಿಗೆ ಪಟ್ಟಿ, ಸೊಂಟಕ್ಕೆ ಸಣ್ಣ ಡಯಾಪರ್, ಉಳಿದ ಮೈಯೆಲ್ಲ ಬಿಟ್ಟಿರಬೇಕು. ಹಾಲು ಕುಡಿಸಲು ತಾಯಿ ಎತ್ತಿಕೊಂಡಾಗ ಪಟ್ಟಿ ಬಿಚ್ಚುತ್ತೇವೆ. ಅಜ್ಜಿಯಂದಿರಿಗೆ ಇದು ಒಂಚೂರೂ ಇಷ್ಟವಾಗುವುದಿಲ್ಲ. "ಬಟ್ಟೆ ಇಲ್ಲದೆ ಮಲಗಿಸಿದ್ದೀರಲ್ಲ, ಮಗುಗೆ ಥಂಡಿ ಆಗಲ್ವಾ" ಎಂದು ಜಗಳಕ್ಕೇ ಬರುತ್ತಾರೆ.

ಇದು ಸುಮ್ಮನೆ ಬಿಸಿ ಕೊಡುವ ದೀಪ ಅಲ್ಲ. ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಹಾಗೆ, ಕಾಮಾಲೆಯಲ್ಲಿ ಮೈ ಹಳದಿ ಮಾಡುವ ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ನೀಲಿ ಬೆಳಕು ಬಿದ್ದರೆ ಅದರ ಆಕಾರ ಬದಲಾಗಿ ಕರಗುತ್ತದೆ, ದೇಹದಿಂದ ಹೊರಗೆ ಹೋಗುತ್ತದೆ. ಇದನ್ನು ಮೊದಲು ಗಮನಿಸಿದ್ದು ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಒಬ್ಬ ನರ್ಸ್, ಸಿಸ್ಟರ್ ವಾರ್ಡ್. ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗುತ್ತಿದ್ದರಂತೆ, ಬಿಸಿಲು ಬಿದ್ದ ಕಡೆ ಹಳದಿ ಕಡಿಮೆಯಾಗಿದ್ದು ಅವರ ಕಣ್ಣಿಗೆ ಬಿತ್ತು. ಅಲ್ಲಿನ ಡಾಕ್ಟರುಗಳು 1958ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ನರ್ಸ್ ಗಮನಿಸಿದ್ದು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ!

ಇದನ್ನು ಓದಿ ಯಾರೂ ಮಗುವನ್ನು ಅಂಗಳದ ಬಿಸಿಲಿಗೆ ಇಟ್ಟು ಆಸ್ಪತ್ರೆ ತಪ್ಪಿಸಬೇಡಿ. ಕಾಮಾಲೆ ಎಷ್ಟಿದೆ ಎಂದು ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು.

ಆಲ್ದೂರು_ತೋಟದಮನೆ:

ಸಿಸ್ಟರ್, ಇಷ್ಟು ಒಳ್ಳೆಯ ಉದಾಹರಣೆ ನನಗೇ ಹೊಳೆಯಲಿಲ್ಲ. ಬಿಲಿರುಬಿನ್ ತನ್ನ ನೀರು-ಸ್ನೇಹಿ ಭಾಗಗಳನ್ನು ಒಳಕ್ಕೆ ಮಡಚಿಕೊಂಡು ಕೂತಿರುತ್ತದೆ. ಬೆಳಕು ಬಿದ್ದಾಗ ಒಂದು ಡಬಲ್ ಬಾಂಡ್ ತಿರುಗಿ ಆ ಮಡಿಕೆ ಬಿಚ್ಚುತ್ತದೆ. ಅಜೋಬೆಂಜೀನ್ ಮಾಡುವುದೂ ಇದೇ ಜಾತಿಯ ತಿರುಗುವಿಕೆ. ಗೊರೂರಿನವರೇ, ಅಪ್ಪನಿಗೆ ಇದನ್ನೇ ಹೇಳಿ. ಊರಲ್ಲಿ ಯಾವುದಾದರೂ ಮಗುವನ್ನು ನೀಲಿ ದೀಪದಲ್ಲಿ ಇಟ್ಟದ್ದು ಅವರೂ ನೋಡಿರುತ್ತಾರೆ.

ಆದರೆ ಒಂದು ಕಾರಣಕ್ಕೆ ಮಾತ್ರ ಇದು ಅಷ್ಟು ಸಲೀಸು. ಎಳೆ ಮಗುವಿನ ಚರ್ಮ ತೆಳು, ಬಿಲಿರುಬಿನ್ ಚರ್ಮದವರೆಗೆ ಬಂದಿರುತ್ತದೆ. ನೀಲಿ ಬೆಳಕು ಮೈಯೊಳಗೆ ಒಂದು ಮಿಲಿಮೀಟರ್ ಆಚೀಚೆ ಹೋಗುವಷ್ಟರಲ್ಲಿ ಸೋಲುತ್ತದೆ, ರಕ್ತವೇ ಅದನ್ನು ನುಂಗುತ್ತದೆ. ಕೆಂಪು ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ. ಅದಕ್ಕೇ ಕೆಮಿಸ್ಟ್‌ಗಳು ಕೆಂಪಿಗೆ, ಹಸಿರಿಗೆ ತಿರುಗುವ ಅಜೋಬೆಂಜೀನ್ ಮಾಡಲು ಒದ್ದಾಡುತ್ತಿರುವುದು. ಅರಸೀಕೆರೆಯವರ ತಕರಾರು ಲಿವರ್, ಮೂತ್ರಪಿಂಡದ ಮಟ್ಟಿಗೆ ಸರಿ. ಚರ್ಮ, ಕಣ್ಣು, ಫೈಬರ್ ತೂರಿಸಬಹುದಾದ ಮೂತ್ರಕೋಶ, ಅನ್ನನಾಳ, ಇವು ಬೇರೆ. ಬೆಳಕಿನಿಂದ ಚುರುಕಾಗುವ ಕ್ಯಾನ್ಸರ್ ಔಷಧಿಗೆ ಕೆನಡಾದಲ್ಲಿ 1993ರಲ್ಲೇ ಒಪ್ಪಿಗೆ ಸಿಕ್ಕಿತ್ತು, ಅದೂ ಮೂತ್ರಕೋಶಕ್ಕೇ. ಅದು ತಿರುಗುವ ಅಣುವಲ್ಲ, ಬೆಳಕು ಬಿದ್ದಾಗ ಆಕ್ಸಿಜನ್ ಅನ್ನು ಕೆರಳಿಸಿ ಸುತ್ತಲಿನ ಕೋಶ ಸುಡುವಂಥದ್ದು. ಅಜೋಬೆಂಜೀನ್ ಜಾತಿಯ ಅಣುವನ್ನು ದೃಷ್ಟಿ ಹೋದವರ ಕಣ್ಣಿಗೆ ಚುಚ್ಚಿ ನೋಡುವ ಪರೀಕ್ಷೆ ಆಸ್ಟ್ರೇಲಿಯಾದಲ್ಲಿ ಮೊದಲ ಹಂತ ಕಂಡಿದೆ. 2013ರಲ್ಲಿ ಫೆರಿಂಗಾ ಎಂಬ ಕೆಮಿಸ್ಟ್‌ನ ಗುಂಪು ಬೆಳಕಿಗೆ ಚುರುಕಾಗಿ, ಕೆಲವು ಗಂಟೆಯಲ್ಲಿ ತಾನೇ ಸಪ್ಪೆಯಾಗುವ ಆಂಟಿಬಯೋಟಿಕ್ ಮಾಡಿತು. ಮೋರಿಗೆ ಸೇರುವ ಹೊತ್ತಿಗೆ ಅದು ಮಂಕಾಗಿದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವ ಅವಕಾಶ ಕಡಿಮೆ ಎಂಬ ಆಸೆ. ಯೋಚನೆ ನನಗೆ ಇಷ್ಟ. ಮೆಡಿಕಲ್ ಶಾಪಿಗೆ ಬರುತ್ತದೆ ಎಂದು ಮಾತ್ರ ಕಾಯಬೇಡಿ.

ಗೊರೂರು_ಹಿನ್ನೀರು:

ಅಕ್ಕ, ತುಂಬಾ ಥ್ಯಾಂಕ್ಸ್. ಈಗ ಪೇಪರ್‌ಗಳು ಸ್ವಲ್ಪ ಓದಿಸಿಕೊಳ್ಳುತ್ತಿವೆ. ಆದರೆ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಒಂದು ಇನ್ಹಿಬಿಟರ್‌ನ ಎರಡು ರೂಪಗಳಿಗೆ ನೂರು ಪಟ್ಟು ವ್ಯತ್ಯಾಸ ಇದೆ ಎಂದು ಶುರುವಿನಲ್ಲಿ ಬರೆದಿದ್ದಾರೆ. ಕೊನೆಯ ಚಿತ್ರದಲ್ಲಿ ಎಂಜೈಮ್ ಮೇಲೆ ನೋಡಿದರೆ ನಾಲ್ಕೈದು ಪಟ್ಟು ಮಾತ್ರ ಕಾಣುತ್ತದೆ. ಲೆಕ್ಕ ಎಲ್ಲಿ ಹೋಯಿತು?

ಆಲ್ದೂರು_ತೋಟದಮನೆ:

ಇದನ್ನು ಕೇಳಿದಿರಲ್ಲ, ನೀವು ಸೇರಲೇಬೇಕು. ಈ ವಿಷಯದ ಜೀವಾಳವೇ ಇದು. ಬಹಳ ಜನ ಪೇಪರ್ ಬರೆದು ಮುಗಿಸಿದ ಮೇಲೂ ಇದನ್ನು ಕೇಳಿಕೊಂಡಿರುವುದಿಲ್ಲ.

ಬೆಳಕಿನ ಸ್ವಿಚ್ ಪೂರ್ತಿ ಆಫ್ ಆಗುವುದಿಲ್ಲ. ಯುವಿ ಬಿಟ್ಟಾಗ ಎಲ್ಲ ಅಣುಗಳೂ ಬಾಗುವುದಿಲ್ಲ. ಬಾಗಿದವೂ ಅದೇ ಬೆಳಕನ್ನು ಸ್ವಲ್ಪ ಹೀರಿ ವಾಪಸ್ ನೇರವಾಗುತ್ತಿರುತ್ತವೆ. ಕೊನೆಗೆ ಒಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಸಾಮಾನ್ಯ ಅಜೋಬೆಂಜೀನ್‌ನಲ್ಲಿ ಯುವಿ ಬಿಟ್ಟಾಗ ನೂರಕ್ಕೆ ಸುಮಾರು 80 ಸಿಸ್ ಎಂದಿಟ್ಟುಕೊಳ್ಳಿ. ನೀಲಿ ಬಿಟ್ಟಾಗ ಸುಮಾರು 80 ಟ್ರಾನ್ಸ್. ಅಂದರೆ ಎರಡೂ ಕಡೆ 20 ಉಳಿದೇ ಇರುತ್ತದೆ.

ಈಗ ಲೆಕ್ಕ ಹಾಕಿ. ಟ್ರಾನ್ಸ್ ಚುರುಕು, ಅರ್ಧ ಎಂಜೈಮ್ ನಿಲ್ಲಿಸಲು 1 ಮೈಕ್ರೋಮೋಲಾರ್ ಸಾಂದ್ರತೆ ಸಾಕು. ಸಿಸ್ ಮಂದ, 100 ಬೇಕು. ಕಾಗದದಲ್ಲಿ ನೂರು ಪಟ್ಟು. ಆದರೆ ನೀಲಿಯಲ್ಲಿ ಚುರುಕಿನ ರೂಪ 80, ಯುವಿಯಲ್ಲಿ 20. ಮಂದ ರೂಪದ ಪಾಲು ನಗಣ್ಯ. ಹಾಗಾಗಿ ಕೊಳವೆಯಲ್ಲಿ ಕಾಣುವುದು 80ಕ್ಕೆ 20, ನಾಲ್ಕೇ ಪಟ್ಟು. ನಿಮ್ಮ ಚಿತ್ರದ ನಾಲ್ಕೈದು ಅಲ್ಲಿಂದ ಬಂದಿರಬಹುದು.

ಈಗ ತಿರುಗಿಸಿ. ಸಿಸ್ ಚುರುಕು, ಟ್ರಾನ್ಸ್ ಮಂದ ಎನ್ನಿ. ಕತ್ತಲಲ್ಲಿ ಇಟ್ಟ ಅಜೋಬೆಂಜೀನ್ ಹೆಚ್ಚುಕಡಿಮೆ ಪೂರ್ತಿ ಟ್ರಾನ್ಸ್. ಚುರುಕಿನ ರೂಪ ಇಲ್ಲವೇ ಇಲ್ಲ. ಯುವಿ ಬಿಟ್ಟ ತಕ್ಷಣ 80. ಕತ್ತಲಿಗೂ ಬೆಳಕಿಗೂ ವ್ಯತ್ಯಾಸ ಹತ್ತಿರ ಹತ್ತಿರ 80 ಪಟ್ಟು. ಅಣುವಿನ ಗುಣ ಅದೇ, ಯಾವ ರೂಪ ಕಚ್ಚುತ್ತದೆ ಎಂಬುದಷ್ಟೇ ಅದಲುಬದಲು. ಅದಕ್ಕೇ ನಾನು ಯಾವ ಪೇಪರ್ ತೆಗೆದರೂ ಮೊದಲು ನೋಡುವುದು ಕತ್ತಲಲ್ಲಿ ಅದು ಸುಮ್ಮನಿರುತ್ತದೋ ಕಚ್ಚುತ್ತದೋ ಎಂದು. ಕತ್ತಲಲ್ಲೇ ಕಚ್ಚುವಂಥದ್ದಾದರೆ ಬೆಳಕು ಬಿಟ್ಟು ನಿಲ್ಲಿಸುವ ಪ್ರಯತ್ನಕ್ಕೆ ಯಾವಾಗಲೂ ಆ 20 ಅಡ್ಡ ಬರುತ್ತದೆ. ಬಣ್ಣಬಣ್ಣದ ಚಿತ್ರ, ದೊಡ್ಡ ಜರ್ನಲ್ ಇವೆಲ್ಲ ಆಮೇಲೆ.

ಮತ್ತೊಂದು ಬಲೆ. ಚಪ್ಪಟೆ ಟ್ರಾನ್ಸ್ ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಬಾಗಿದ ಸಿಸ್ ಕರಗುತ್ತದೆ. ಹಾಗಾಗಿ ಸಿಸ್ ಚುರುಕು ಎಂದು ಕಂಡದ್ದು ಎಷ್ಟೋ ಸಲ ಬರೀ ಕರಗಿದ್ದರ ಪರಿಣಾಮ. ಒಂದು ಹನಿ ಡಿಟರ್ಜೆಂಟ್ ಹಾಕಿದಾಗ ವ್ಯತ್ಯಾಸ ಮಾಯವಾದರೆ ಅನುಮಾನ ಪಡಿ.

ಬೆಂಚಿನ ಕೆಲಸ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ರೂಮಿನ ಟ್ಯೂಬ್‌ಲೈಟ್ ಆರಿಸಿ ಕೆಂಪು ದೀಪದಲ್ಲಿ ಕೂರುತ್ತೀರಿ. ಇನ್ಹಿಬಿಟರ್ ಕಂದು ಕೊಳವೆಯಲ್ಲಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್. ಕ್ಯೂವೆಟ್ ಎಂಬ ಪಾರದರ್ಶಕ ಕೊಳವೆಗೆ ಹಾಕಿ, ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಮೊದಲ ಗೆರೆಯನ್ನು ಸ್ಪೆಕ್ಟ್ರೋಮೀಟರ್‌ನಲ್ಲಿ ತೆಗೆಯುತ್ತೀರಿ. 320ರ ಹತ್ತಿರ ಎತ್ತರದ ಗುಡ್ಡ ಇರುತ್ತದೆ. ಎಲ್‌ಇಡಿ ಬಿಟ್ಟು ಮತ್ತೆ ತೆಗೆದರೆ ಆ ಗುಡ್ಡ ಕುಸಿದಿರುತ್ತದೆ, 440ರ ಬಳಿ ಸಣ್ಣ ದಿಬ್ಬ ಎದ್ದಿರುತ್ತದೆ. ಎಲ್ಲ ಗೆರೆಗಳೂ ಒಂದೆರಡು ಕಡೆ ಒಂದೇ ಬಿಂದುವಿನಲ್ಲಿ ಹಾದು ಹೋಗಬೇಕು. ಹೋಗದಿದ್ದರೆ ಎರಡು ರೂಪ ಬಿಟ್ಟು ಮೂರನೆಯದು ಏನೋ ಹುಟ್ಟಿದೆ, ಅಣು ಮುರಿಯುತ್ತಿದೆ ಎಂದು ಅರ್ಥ. ಆ ಗೆರೆಗಳು ಹಾದು ಹೋಗುವುದನ್ನು ನೋಡುವುದೇ ಒಂದು ಸುಖ. ಆಮೇಲೆ ಎಂಜೈಮ್, ಆರ್‌ಎನ್‌ಎ, ಸ್ಯಾಮ್ ಸೇರಿಸಿ ಕೆಲಸ.

ಕಂಟ್ರೋಲ್‌ಗಳೇ, ಅಂದರೆ ಹೋಲಿಸಿ ನೋಡಲು ಇಡುವ ಕೊಳವೆಗಳೇ ಇಲ್ಲಿ ಮುಖ್ಯ. ಇನ್ಹಿಬಿಟರ್ ಇಲ್ಲದೆ ಬರೀ ಬೆಳಕು ಬಿಟ್ಟ ಕೊಳವೆ ಒಂದು ಇರಲೇಬೇಕು. ಯಾಕೆಂದರೆ ಎಲ್‌ಇಡಿ ಬಿಸಿ ಮಾಡುತ್ತದೆ, ಬಿಸಿಗೆ ಎಂಜೈಮ್ ಸೊರಗುತ್ತದೆ, ನೀವು ಇನ್ಹಿಬಿಟರ್ ಕೆಲಸ ಮಾಡಿತು ಎಂದು ಕುಣಿಯುತ್ತೀರಿ. ತಿರುಗದ ಆದರೆ ಅದೇ ಆಕಾರದ ಅಣು ಇನ್ನೊಂದು ಕೊಳವೆಗೆ. ಬ್ಯಾಕ್ಟೀರಿಯಾದ ಟಿಆರ್‌ಎನ್‌ಎ ಬಳಸಿದರೆ ಮೊದಲು ಹೇಳಿದ ಥಯೋಯುರಿಡಿನ್ ನೆನಪಿರಲಿ. 365 ಎಲ್‌ಇಡಿ ಅದನ್ನೂ ಮುಟ್ಟುತ್ತದೆ. ಜೀವಕೋಶದ ಮೇಲೆ ಮಾಡುವಾಗ ಕೋಶದೊಳಗಿನ ಗ್ಲೂಟಾಥಿಯೋನ್ ಎಂಬ ಅಣು ಕೆಲವು ಅಜೋಬೆಂಜೀನ್‌ಗಳನ್ನು ಕಡಿದು ಹಾಕುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಇನ್ನು ಆರ್‌ಎನ್‌ಎ ಮುರಿಯುವ ಆರ್‌ಎನ್‌ಏಸ್ ನಿಮ್ಮ ಬೆರಳಿನಲ್ಲೇ ಇದೆ. ಕುದಿಸಿದರೂ ಜಗ್ಗದ ಎಂಜೈಮ್ ಅದು. ಗ್ಲೌಸ್ ಹಾಕಿಕೊಂಡು ಮೊಬೈಲ್ ಮುಟ್ಟಿದರೆ ಆ ಗ್ಲೌಸ್ ಕಸದ ಬುಟ್ಟಿಗೆ.

ಅರಸೀಕೆರೆ_ಜಂಕ್ಷನ್:

ಲಸಿಕೆ ವಿಷಯ ಒಪ್ಪಿದೆ ಮೇಡಂ. ಆ ನಾಲ್ಕು ಪಟ್ಟು, 80 ಪಟ್ಟು ಲೆಕ್ಕ ಚೆನ್ನಾಗಿತ್ತು, ನಮ್ಮ ಕ್ವಾಲಿಟಿ ಮೀಟಿಂಗಿನಲ್ಲಿ ಇಂಥ ಲೆಕ್ಕ ಕೇಳಿದ್ದರೆ ಎಷ್ಟೋ ಜನ ಎದ್ದು ಹೋಗುತ್ತಿದ್ದರು. ಆದರೂ ಆ ಹುಡುಗಿಯ ತಂದೆ ಕೇಳುವ ಮುಂದಿನ ಪ್ರಶ್ನೆ ನನಗೆ ಗೊತ್ತು. ಸಂಬಳ ಎಷ್ಟು?

ಆಲ್ದೂರು_ತೋಟದಮನೆ:

ಕೇಳಲೇಬೇಕಾದ ಪ್ರಶ್ನೆ ಸಾರ್. ಪ್ರಾಜೆಕ್ಟ್ ಮಾಡುವಾಗ ಕೆಲವು ಕಡೆ ಏನೂ ಕೊಡುವುದಿಲ್ಲ. ಪಿಜಿ ಬಾಡಿಗೆ, ಊಟ ಕೈಯಿಂದ. ಇದನ್ನು ಒಪ್ಪುವ ಮೊದಲೇ ಪ್ರೊಫೆಸರ್‌ಗೆ ಮೇಲ್ ಮಾಡಿ ಕೇಳಿ, ಸಂಕೋಚ ಬೇಡ. ಜೊತೆಗೇ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಆಮೇಲೆ ಪಿಎಚ್‌ಡಿ ಬೇಡ ಅನ್ನಿಸಿದರೂ ಆರ್‌ಎನ್‌ಎ ತಯಾರಿಸಿ, ಶುದ್ಧ ಮಾಡಿ, ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬೇರ್ಪಡಿಸಿ ನೋಡುವ ಕೈ ಬೆಂಗಳೂರಿನ ಕಂಪನಿಗಳಿಗೆ ಬೇಕು. ಬೆಳಕಿನ ಭಾಗಕ್ಕೆ ಕೆಲಸದ ಮಾರುಕಟ್ಟೆ ಚಿಕ್ಕದು. ಅದನ್ನು ಕಲಿಯುವುದು ಕಂಟ್ರೋಲ್ ಇಡುವ ಬುದ್ಧಿ ಬೆಳೆಯಲಿ ಎಂದು.

ಗೊರೂರು_ಹಿನ್ನೀರು:

ಮೇಲ್ ಹಾಕಿದೆ ಅಕ್ಕ. ಸ್ಟೈಪೆಂಡ್ ಸ್ವಲ್ಪ ಇದೆಯಂತೆ, ಹಾಸ್ಟೆಲ್ ಕೇಳಿ ನೋಡುತ್ತಾರಂತೆ. ಹೋಗುವ ಮೊದಲು ಡಿಪಾರ್ಟ್‌ಮೆಂಟಿನಲ್ಲಿ ಇದರ ಬಗ್ಗೆ ಸೆಮಿನಾರ್ ಕೊಡಬೇಕು. ನಮ್ಮ ಲ್ಯಾಬಿನಲ್ಲಿ ಅಜೋಬೆಂಜೀನೂ ಇಲ್ಲ, 365 ಎಲ್‌ಇಡಿಯೂ ಇಲ್ಲ. ಬೆಳಕಿಗೆ ಅಣು ತಿರುಗುವುದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಲು ಏನಾದರೂ ದಾರಿ ಇದೆಯಾ?

ಆಲ್ದೂರು_ತೋಟದಮನೆ:

ಇದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕ ನೋಡಿರುತ್ತೀರಿ. ಪ್ಲಾಸ್ಟಿಕ್ ಲೆನ್ಸ್‌ನದ್ದು ತೆಗೆದುಕೊಳ್ಳಿ, ಹಳೆಯ ಗಾಜಿನ ಲೆನ್ಸ್‌ನಲ್ಲಿ ಸಿಲ್ವರ್ ಲವಣ ಇರುತ್ತದೆ, ಅದು ಬೇರೆ ವಿಷಯ. ಪ್ಲಾಸ್ಟಿಕ್‌ನಲ್ಲಿರುವ ಅಣುವಿನ ಒಂದು ಉಂಗುರ ಯುವಿ ಬಿದ್ದಾಗ ಬಿಚ್ಚಿಕೊಂಡು ಬಣ್ಣ ಬರುತ್ತದೆ. ನೆರಳಿಗೆ ಬಂದರೆ ಸುತ್ತಲಿನ ಬಿಸಿಗೇ ಅದು ಮತ್ತೆ ಮುಚ್ಚಿಕೊಳ್ಳುತ್ತದೆ.

ಒಂದೇ ಜೋಡಿಯ ಎರಡು ಲೆನ್ಸ್ ತನ್ನಿ. ಒಂದನ್ನು ಐಸ್ ನೀರಿನ ಲೋಟದಲ್ಲಿ, ಇನ್ನೊಂದನ್ನು ಬಿಸಿ ನೀರಿನ ಲೋಟದಲ್ಲಿ ಹಾಕಿ ಎರಡನ್ನೂ ಒಟ್ಟಿಗೆ ಬಿಸಿಲಿಗೆ ಇಡಿ. ತಣ್ಣಗಿನದು ಕಡು ಕಪ್ಪಾಗುತ್ತದೆ, ಒಳಗೆ ತಂದ ಮೇಲೂ ಬೇಗ ಬಿಡುವುದಿಲ್ಲ. ಬಿಸಿಯದು ಅರೆಬರೆ ಕಪ್ಪಾಗಿ ಬೇಗ ತಿಳಿಯಾಗುತ್ತದೆ. ಬೆಳಕು ಒಂದೇ, ಬಿಸಿ ಮಾತ್ರ ಬೇರೆ. ಬೆಳಕು ಬಿಚ್ಚುವ ವೇಗ, ಬಿಸಿ ಮುಚ್ಚುವ ವೇಗ, ಇವೆರಡರ ಜಗ್ಗಾಟದಲ್ಲಿ ಸಮತೋಲ ಎಲ್ಲಿ ನಿಲ್ಲುತ್ತದೆ ಎಂದು ಬೋರ್ಡಿನ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದಿಲ್ಲ. ಮೋಡ ಇದ್ದರೂ ನಡೆಯುತ್ತದೆ, ಯುವಿ ಮೋಡ ದಾಟಿ ಬರುತ್ತದೆ. ಕಾರಿನ ಮುಂದಿನ ಗಾಜಿನ ಹಿಂದೆ ಮಾತ್ರ ಮಾಡಬೇಡಿ, ಅದು ಯುವಿಯನ್ನು ಬಹುಪಾಲು ತಡೆಯುತ್ತದೆ.

ಬಿಸಿ ನೀರು ಎಂದರೆ ಕೈ ತಾಳುವಷ್ಟು ಬಿಸಿ ಸಾಕು. ಕುದಿಯುವ ನೀರಿಗೆ ಹಾಕಿದರೆ ಲೆನ್ಸಿನ ಕೋಟಿಂಗ್ ಬಿರಿಯುತ್ತದೆ. ಮನೆಯವರ ಕನ್ನಡಕಕ್ಕೆ ಕೈ ಹಾಕಬೇಡಿ. ಕನ್ನಡಕದ ಅಂಗಡಿಯಲ್ಲಿ ಗೀರು ಬಿದ್ದು ಪಕ್ಕಕ್ಕೆ ಇಟ್ಟ ಲೆನ್ಸ್ ಇರುತ್ತವೆ, ಸೆಮಿನಾರ್‌ಗೆ ಎಂದು ಕೇಳಿದರೆ ಕೊಡುತ್ತಾರೆ.